ಮಸಿಯ ನೋಂಪಿ

ಮಳೆ ಹಿಂದೆಗೆದು ಬೆಳಗಿನ ಬಿಸಿಲಿಗೆ ತೆಳುವಾದ ಹೊಂಬಣ್ಣವೇರುವ ಅಕ್ಟೋಬರ್ ತಿಂಗಳು ಬಂದಿತೆಂದರೆ, ಭೂಮಂಡಲದ ನಾನಾ ದೇಶಗಳಲ್ಲಿ ಒಬ್ಬರನ್ನೊಬ್ಬರು ಕಂಡರಿಯದ ಸಹಸ್ರಾರು ಜನ ಏಕಕಾಲದಲ್ಲಿ ಒಂದು ನಿಯಮವನ್ನು ಕೈಗೊಳ್ಳುತ್ತಾರೆ. ಆ ತಿಂಗಳ 31 ದಿನವೂ ದಿನಕ್ಕೊಂದರಂತೆ ಮಸಿಯಲ್ಲಿ ಚಿತ್ರ ಬರೆಯಬೇಕೆಂಬುದೇ ಆ ನಿಯಮ. 2009ರಲ್ಲಿ ಅಮೆರಿಕದ ಜೇಕ್ ಪಾರ್ಕರ್ ಎಂಬ ಚಿತ್ರಕಾರರು, ಮಸಿಗೆಲಸದಲ್ಲಿ ತಮ್ಮ ಕೈ ಪಳಗಲೆಂದೂ ದಿನವೂ ಬರೆಯುವ ರೂಢಿ ತಮ್ಮಲ್ಲಿ ನೆಲೆಗೊಳ್ಳಲೆಂದೂ, ತಮಗೆ ತಾವೇ ಹಾಕಿಕೊಂಡ ಕಟ್ಟು ಅದು. ಇಂಕ್ಟೋಬರ್ ಎಂಬ ಹೆಸರಿನಿಂದ ಬರಬರುತ್ತ ಲೋಕವ್ಯಾಪಿಯಾಯಿತು. 2016ರಿಂದೀಚೆಗೆ ಪ್ರತಿದಿನಕ್ಕೂ ಒಂದೊಂದು ಶಬ್ದವನ್ನು ಕೊಟ್ಟು, ಅದನ್ನೇ ಬೀಜವಾಗಿಟ್ಟುಕೊಂಡು ಬರೆಯುವ ಪರಿಪಾಠವೂ ಸೇರಿಕೊಂಡಿತು. ಮೊದಲು ಸೀಸದ ಕಡ್ಡಿಯಲ್ಲಿ ತೆಳುವಾಗಿ ಗುರುತು ಮಾಡಿಕೊಳ್ಳಲು ಅಡ್ಡಿಯಿಲ್ಲ. ದಿನವೂ ಆಗದವರು ದಿನ ಬಿಟ್ಟು ದಿನ, ಅದೂ ಆಗದವರು ವಾರಕ್ಕೊಮ್ಮೆ ಬರೆದರೂ ಆದೀತು. ಯಾವುದನ್ನು ಹಿಡಿದರೋ ಅದನ್ನು ಒಂದೇ ಸಮನೆ ನಡೆಸಿಕೊಂಡು ಬರಬೇಕು, ಅಷ್ಟೆ.

ನಾನು ಈ ನಿಯಮವನ್ನು ಮೂರು ಸಲ ಕೈಗೊಂಡಿದ್ದೇನೆ. ಮೊದಲನೆಯ ಸಲ 11ನೆಯ ದಿನ ಅದು ಮುರಿಯಿತು. ಆ ದಿನ ಕಾಯಿಲೆಯಿರಲಿಲ್ಲ, ಪ್ರಯಾಣವಿರಲಿಲ್ಲ. ಸಂಜೆ ಮನೆಗೆ ಬಂದವನು, ನಾಳೆ ಎರಡು ಬರೆದರಾಯಿತೆಂದುಕೊಂಡು ಮಲಗಿಬಿಟ್ಟೆ. ಮಾರನೆಯ ದಿನ ಎರಡಿರಲಿ, ಒಂದನ್ನು ಬರೆಯುವುದಕ್ಕೂ ಕೈ ಏಳಲಿಲ್ಲ. 31 ಆಗಬೇಕಾಗಿದ್ದದ್ದು ಇನ್ನು 31 ಆಗಲಾರದೆಂಬ ಒಂದೇ ಕಾರಣದಿಂದ, ಅದಾಗಲೇ ಬರೆದಿದ್ದ 10 ಚಿತ್ರಗಳೂ ನನಗೆ ಉಂಡು ಬಿಟ್ಟ ಎಲೆಗಳಂತೆ ಕಂಡುವು. ಪುಸ್ತಕವನ್ನು ಮಡಿಸಿ ಅಟ್ಟಕ್ಕೆ ಹಾಕಿದೆ. ಎರಡನೆಯ ವರ್ಷದ ಕಥೆಯೂ ಹೆಚ್ಚುಕಡಮೆ ಇಂಥದೇ. ಒಂದು ದಿನದ ಲೋಪದಿಂದ ಹತ್ತು ದಿನದ ದುಡಿಮೆಯೂ ಹಾಳಾಯಿತೆಂದು ಮನಸ್ಸಿಗೆ ತೋರಿತಲ್ಲ, ಆ ತೋರಿಕೆ ಎಲ್ಲಿಂದ ಬಂದಿತು? ತಪ್ಪಿದ ದಿನವೆಂಬುದು ನಿಜವಾಗಿ ಏನನ್ನಾದರೂ ಮಾಡುತ್ತದೆಯೆ? ಈ ಪ್ರಶ್ನೆ ನನ್ನನ್ನು ಬಹುಕಾಲ ಬಿಡಲಿಲ್ಲ. ಚಿತ್ರಕಲೆಯ ಪುಸ್ತಕಗಳಲ್ಲಿ ಅದಕ್ಕೆ ಸಮಾಧಾನ ದೊರೆಯದೆ, ಕಡೆಗೆ ನಾನು ಧರ್ಮಶಾಸ್ತ್ರದ ವಿಚಾರವನ್ನು ಬಲ್ಲ ಹಿರಿಯರ ಮಾತುಗಳಿಗೆ ಕಿವಿಗೊಡಬೇಕಾಯಿತು.

ನಮ್ಮ ಮನೆಗಳಲ್ಲಿ ವ್ರತವನ್ನು ಹಿಡಿಯುವವನು ಮೊದಲು ಸಂಕಲ್ಪ ಮಾಡುತ್ತಾನೆ. ತಾನು ನಿಂತಿರುವ ದೇಶವಾವುದು, ನಡೆಯುತ್ತಿರುವ ಸಂವತ್ಸರ ಅಯನ ಋತು ಮಾಸ ಪಕ್ಷ ತಿಥಿಗಳಾವುವು, ತನ್ನ ಗೋತ್ರವೇನು, ಹೆಸರೇನು, ಯಾವ ದೇವತೆಯ ಪ್ರೀತ್ಯರ್ಥವಾಗಿ ಯಾವ ಫಲವನ್ನು ಬಯಸಿ ಈ ಕರ್ಮಕ್ಕೆ ಕೈಯಿಕ್ಕುತ್ತಿದ್ದೇನೆ ಎಂಬುದೆಲ್ಲವನ್ನೂ ಬಾಯಿಬಿಟ್ಟು ಹೇಳಿ, ನೀರು ಬಿಟ್ಟು, ಆಮೇಲೆ ತೊಡಗುತ್ತಾನೆ. ಅವಧಿ ತುಂಬಿದಾಗ ಉದ್ಯಾಪನೆ ಮಾಡಿ ಅದರಿಂದ ಬಿಡಿಸಿಕೊಳ್ಳುತ್ತಾನೆ. ಮಸಿಚಿತ್ರದ ನಿಯಮಕ್ಕೆ ದೇಶಕಾಲಗಳುಂಟು, ಕರ್ತೃವುಂಟು, ದೇವತೆಯಿಲ್ಲ. ದೇವತೆಯಿಲ್ಲದ ನಿಯಮವನ್ನು ವ್ರತವೆಂದು ಕರೆಯಬಹುದೆ ಎಂದು ಶ್ರದ್ಧಾವಂತರು ಕೇಳಿಯಾರು. ಆದರೆ ವೇದದಲ್ಲಿನ ನಿಷ್ಠೆಯಲ್ಲಿ ಯಾರಿಗೂ ಕಡಮೆಯಿಲ್ಲದ ಪೂರ್ವಮೀಮಾಂಸಕರೇ, ಯಾಗದಲ್ಲಿ ದೇವತೆಗೆ ಅಂಗದ ಸ್ಥಾನವನ್ನು ಮಾತ್ರ ಕೊಟ್ಟು, ಪ್ರಧಾನವಾದದ್ದು ಯಾಗವೇ ಎಂದು ನಿರ್ಣಯಿಸಿದರು. ಮನುಷ್ಯನನ್ನು ಕರ್ಮಕ್ಕೆ ಪ್ರೇರಿಸತಕ್ಕದ್ದು ವಿಧಿಯೇ ಹೊರತು ದೇವತೆಯ ಒಲವು ಮುನಿಸುಗಳಲ್ಲವೆಂಬುದು ಅವರ ಮತ. ಭಕ್ತಿಯ ಹಾಲು ಕುಡಿದು ಬೆಳೆದ ನನ್ನಂಥವನಿಗೆ ಆ ನಿರ್ಣಯ ಪೂರ್ತಿಯಾಗಿ ಒಪ್ಪಿಗೆಯಾಗದು. ಆದರೂ ಮಾಡತಕ್ಕದ್ದನ್ನು ಮಾಡುವುದರಲ್ಲಿಯೇ ಒಂದು ಗೌರವವುಂಟೆಂಬ ಅದರ ತಿರುಳು ನನ್ನ ಮನಸ್ಸಿಗೆ ಹಿಡಿದಿದೆ. ನನ್ನ ನೋಂಪಿಯ ಕೊರತೆ ದೇವತೆಯ ಹೆಸರಿಲ್ಲದಿದ್ದುದರಲ್ಲಿ ಇರಲಿಲ್ಲ. ನಾನು ಫಲವನ್ನು ಎಣಿಸುತ್ತಿದ್ದ ಬಗೆಯಲ್ಲಿ ಇದ್ದಿತು.

ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರಾಗಿ ವಿಂಗಡಿಸುವುದು ಎಲ್ಲರೂ ಬಲ್ಲ ವಿಷಯ. ಸಂಧ್ಯಾವಂದನೆ, ಅಗ್ನಿಹೋತ್ರಗಳಂತೆ ಬದುಕಿರುವ ತನಕ ಮಾಡತಕ್ಕದ್ದು ನಿತ್ಯ. ಗ್ರಹಣವೋ ಜನನವೋ ಮರಣವೋ ಒದಗಿದಾಗ ಮಾಡತಕ್ಕದ್ದು ನೈಮಿತ್ತಿಕ. ಮಳೆ, ಮಗ, ಸ್ವರ್ಗ ಮುಂತಾದುದನ್ನು ಬಯಸಿದವನು ಮಾಡತಕ್ಕದ್ದು ಕಾಮ್ಯ. ಆ ಪೂರ್ವಮೀಮಾಂಸಕರಿಗೆ ಮೂಲವಾದ ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಇವುಗಳನ್ನು ಕುರಿತು ಒಂದು ಸೂಕ್ಷ್ಮವಾದ ವಿಚಾರ ಬರುತ್ತದೆ. ಕರ್ಮವೊಂದರ ಎಲ್ಲ ಅಂಗಗಳನ್ನೂ ನಡೆಸಲು ಶಕ್ತಿಯಿಲ್ಲದವನು ಆ ಕರ್ಮವನ್ನು ಮಾಡಬಹುದೆ, ಮಾಡಬಾರದೆ? ಕಾಮ್ಯವಾದರೆ ಮಾಡಬಾರದು, ಏಕೆಂದರೆ ಸಾಂಗವಾಗಿ ನಡೆದರೆ ಮಾತ್ರ ಅದು ಫಲಿಸುವುದು, ಒಂದು ಅಂಗ ಲೋಪವಾದರೂ ಫಲವಿಲ್ಲ, ಫಲವಿಲ್ಲವೆಂದ ಮೇಲೆ ಮಾಡುವುದಕ್ಕೆ ಅರ್ಥವಿಲ್ಲ. ನಿತ್ಯವಾದರೋ, ಯಥಾಶಕ್ತಿಯಾಗಿ ಮಾಡತಕ್ಕದ್ದು. ನಡೆಸಲಾಗದ ಅಂಗವನ್ನು ಬಿಟ್ಟಾದರೂ ಪ್ರಧಾನವನ್ನು ಬಿಡದೆ ಮಾಡತಕ್ಕದ್ದು. ಒಂದೇ ಹೊರನೋಟವುಳ್ಳ ಎರಡು ಕೆಲಸಗಳಲ್ಲಿ ಒಂದು ಪೂರ್ಣತೆಯನ್ನು ಬೇಡುತ್ತದೆ, ಇನ್ನೊಂದು ನಿಷ್ಠೆಯನ್ನು ಬೇಡುತ್ತದೆ. ಈ ಭೇದವನ್ನು ಅರಿತಾಗ ನನ್ನ ಹನ್ನೊಂದನೆಯ ದಿನದ ಗುಟ್ಟು ನನಗೆ ಬಿಚ್ಚಿಕೊಂಡಿತು. ನಾನು ಹಿಡಿದದ್ದು ದಿನನಿತ್ಯದ ಕೆಲಸವಾಗಿದ್ದರೂ ಹಿಡಿದ ಬುದ್ಧಿ ಕಾಮ್ಯದ್ದು. 31 ಎಂಬ ಪೂರ್ಣಸಂಖ್ಯೆಯೇ ನನ್ನ ಸ್ವರ್ಗವಾಗಿತ್ತು. ಅದು ಕೈತಪ್ಪಿದೊಡನೆ ಉಳಿದದ್ದೆಲ್ಲ ಬೂದಿಯಾಯಿತು.

ಇನ್ನು ಮಸಿಯ ವಿಚಾರವನ್ನು ಹೇಳಬೇಕು. ಏಕೆಂದರೆ ಇದೇ ನಿಯಮವನ್ನು ಬಣ್ಣದಲ್ಲಿಯೋ ಸೀಸದ ಕಡ್ಡಿಯಲ್ಲಿಯೋ ನಡೆಸಿದ್ದರೆ, ಅದು ಧರ್ಮಜಿಜ್ಞಾಸೆಯವರೆಗೆ ಬೆಳೆಯುತ್ತಿರಲಿಲ್ಲವೆಂದು ತೋರುತ್ತದೆ. ಬಣ್ಣದ ಮೇಲೆ ಬಣ್ಣ ಬಳಿಯಬಹುದು, ಸೀಸದ ಗೆರೆಯನ್ನು ರಬ್ಬರಿನಿಂದ ಒರಸಬಹುದು. ಮಸಿ ಒಮ್ಮೆ ಕಾಗದದ ನಾರಿಗೆ ಇಳಿಯಿತೆಂದರೆ ಇಳಿಯಿತು. ನಮ್ಮ ನಾಡಿನ ಹಳಬರು ಅಳಿಸಬಹುದಾದ ಬರಹವನ್ನೂ ಅಳಿಸಲಾಗದ ಬರಹವನ್ನೂ ಬೇರೆ ಬೇರೆಯಾಗಿ ಬಲ್ಲವರಾಗಿದ್ದರು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಲೆಕ್ಕಪತ್ರ ಬರೆಯುತ್ತಿದ್ದರು. ಬೇಡವಾದಾಗ ಒರಸಿ, ಮತ್ತೆ ಅಂಟು ಬಳಿದು, ಹೊಸದಾಗಿ ಬರೆಯುತ್ತಿದ್ದರು. ಅದಕ್ಕೆ ಕಡತವೆಂದು ಹೆಸರು. ಶೃಂಗೇರಿಯ ಮಠದ ಹಿಂದಿನ ವ್ಯವಹಾರಗಳೆಷ್ಟೋ ಇಂಥ ಕಡತಗಳಲ್ಲಿ ಉಳಿದು ಬಂದಿವೆ. ಇಂದು ಕಚೇರಿಯ ಮೇಜಿನ ಮೇಲೆ ರಾಶಿ ಬಿದ್ದಿರುವ ಕಾಗದದ ಕಟ್ಟಿಗೂ ನಾವು ಆ ಹೆಸರನ್ನೇ ಉಳಿಸಿಕೊಂಡಿದ್ದೇವೆ. ಶಾಸ್ತ್ರವನ್ನೂ ಕಾವ್ಯವನ್ನೂ ಬರೆದಿಡಬೇಕಾದಾಗಲಾದರೋ ತಾಳೆಗರಿಯನ್ನು ತೆಗೆದುಕೊಂಡು, ಕಬ್ಬಿಣದ ಕಂಠದಿಂದ ಅಕ್ಷರವನ್ನು ಗರಿಯಲ್ಲಿ ಕೊರೆದು, ಆ ಗಾಯಕ್ಕೆ ಕಾಡಿಗೆ ತುಂಬುತ್ತಿದ್ದರು. ಬಳಪದ ಗೆರೆ ಬಟ್ಟೆಯ ಮೇಲೆ ಕುಳಿತಿರುತ್ತದೆ. ಕಂಠದ ಗೆರೆ ಗರಿಯ ಒಡಲನ್ನೇ ಹೊಕ್ಕಿರುತ್ತದೆ.

ಕಾಗದದ ಮೇಲಿನ ಮಸಿಯೂ ಈ ಎರಡನೆಯ ಜಾತಿಗೆ ಸೇರಿದ್ದು. ದೀಪದ ಕಾಡಿಗೆಯನ್ನು ಗೋಂದಿನಲ್ಲಿ ಅರೆದು ಮಾಡಿದ ಮಸಿ ಎಷ್ಟು ಬಿಸಿಲು ಕಂಡರೂ ಬಣ್ಣಗೆಡುವುದಿಲ್ಲ. ಅಳಲೆಕಾಯಿಯ ಒಗರಿಗೆ ಅನ್ನಭೇದಿ ಸೇರಿಸಿ ಮಾಡುವ ಮಸಿಯ ಗುಣವಂತೂ ಇನ್ನೂ ವಿಚಿತ್ರವಾದದ್ದು: ಬರೆಯುವಾಗ ಅದು ನೀರಾಗಿ, ಮಾಸಲಾಗಿ ಕಾಣುತ್ತದೆ, ಗಾಳಿ ಸೋಕಿದಂತೆಲ್ಲ ಗಂಟೆಗಂಟೆಗೆ ಕಪ್ಪಾಗುತ್ತ ಹೋಗುತ್ತದೆ, ತುಂಬ ತೀಕ್ಷ್ಣವಾಗಿದ್ದರೆ ಬಹುಕಾಲದ ಮೇಲೆ ಕಾಗದವನ್ನೇ ತಿಂದುಬಿಡುವುದೂ ಉಂಟು. ಮಾಡುವಾಗ ಹಗುರವಾಗಿ ತೋರಿ, ಕಾಲಾಂತರದಲ್ಲಿ ಗಾಢವಾಗಿ ಪರಿಣಮಿಸುವ ಕರ್ಮಕ್ಕೆ ಇದಕ್ಕಿಂತ ಸಮೀಪದ ಸಾದೃಶ್ಯವನ್ನು ನಾನು ಕಂಡಿಲ್ಲ. ಆಗಲೇ ಫಲಕೊಡಲು ತೊಡಗಿದ ಪ್ರಾರಬ್ಧಕರ್ಮವನ್ನು ಆಚಾರ್ಯ ಶಂಕರರು ಬಿಲ್ಲಿನಿಂದ ಬಿಟ್ಟ ಬಾಣಕ್ಕೆ ಹೋಲಿಸುತ್ತಾರೆ. ವೇಗ ತೀರುವ ತನಕ ಅದು ಓಡಲೇಬೇಕು, ಬಿಟ್ಟವನಿಗೆ ಜ್ಞಾನೋದಯವಾಯಿತೆಂದು ನಡುದಾರಿಯಲ್ಲಿ ನಿಲ್ಲದು. ಮಸಿ ತುಂಬಿದ ನಿಬ್ಬು ಕಾಗದವನ್ನು ಮುಟ್ಟಿದ ಕ್ಷಣವೂ ಹಾಗೆಯೇ.

ನನ್ನ ಮೂರನೆಯ ವರ್ಷದ, ಎಂದರೆ 2023ರ, ಒಂದು ಚಿತ್ರವನ್ನು ಇಲ್ಲಿ ನೆನೆಯಬೇಕು. ಮೈಸೂರಿನ ನಮ್ಮ ಮನೆಯಲ್ಲಿ ನನ್ನ ದೊಡ್ಡಮ್ಮ ಇದ್ದಾರೆ. ಬೆಳಗ್ಗೆ ಸ್ನಾನವಾದ ಮೇಲೆ, ಹಜಾರದ ಕಿಟಕಿಯ ಪಕ್ಕದಲ್ಲಿ ಮಣೆಯ ಮೇಲೆ ಕುಳಿತು, ತೊಡೆಯ ಮೇಲೆ ಒಂದು ಹಲಗೆಯಿಟ್ಟುಕೊಂಡು, ಗೆರೆ ಹಾಕಿದ ನೋಟುಪುಸ್ತಕದಲ್ಲಿ ಶಾಯಿ ಪೆನ್ನಿನಿಂದ ಶ್ರೀರಾಮನ ಹೆಸರನ್ನು ದಿನಕ್ಕೆ 108 ಸಲ ಬರೆಯುವುದು ಅವರ ನೇಮ. ಆರನೆಯ ದಿನ ನಾನು ಅವರ ಬಲಗೈಯನ್ನು ಬರೆಯಲು ಕುಳಿತೆ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಇಳಿಯುವ ಗೆರೆಯನ್ನು ಎಳೆಯುತ್ತಿರುವಾಗ, ಕಾಗದದ ಒಂದು ನಾರು ನಿಬ್ಬಿನ ಸೀಳಿನೊಳಗೆ ಸಿಕ್ಕಿಕೊಂಡು, ಕೂದಲಿನಷ್ಟಿರಬೇಕಾದ ಗೆರೆ ಒಮ್ಮೆಲೇ ದಾರದಷ್ಟು ದಪ್ಪವಾಗಿ ಹರಿದು, ಅಂಚಿನಲ್ಲಿ ಬೇರುಬಿಟ್ಟಂತೆ ಒಸರಿತು. ಬಿಳಿಯ ಬಣ್ಣದ ಸೀಸೆ ಪಕ್ಕದಲ್ಲಿಯೇ ಇದ್ದಿತು. ಬಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಹಾಗೆ ಬಳಿದು, ಬಳಿದ ಕಡೆ ಮತ್ತೆ ಬರೆಯಹೋಗಿ, ಸುಣ್ಣದ ಗೋಡೆಯ ಮೇಲೆ ಬರೆದಂತೆ ನಿಬ್ಬು ತೊಡರಿ, ಆ ಜಾಗವೊಂದೇ ಚಿತ್ರದಲ್ಲೆಲ್ಲ ಕಣ್ಣಿಗೆ ಹೊಡೆಯುವಂತೆ ಆದದ್ದು ನೆನಪಿತ್ತು. ಈ ಸಲ ಸೀಸೆಯನ್ನು ಮುಟ್ಟಲಿಲ್ಲ. ನಿಬ್ಬನ್ನು ಒರಸಿ, ನಾರನ್ನು ಉಗುರಿನಿಂದ ತೆಗೆದು, ಮುಂದಿನ ಗೆರೆಯನ್ನು ಎಳೆಯುವಾಗ ಆ ದಪ್ಪ ಗೆರೆ ಅಲ್ಲಿದೆಯೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಎಳೆದೆ. ಅದರ ಮುಂದಿನದನ್ನೂ ಹಾಗೆಯೇ. ಚಿತ್ರ ಮುಗಿದಾಗ ಅದು ನಾನು ಮನಸ್ಸಿನಲ್ಲಿ ಕಂಡಿದ್ದ ಕೈಯಾಗಿರಲಿಲ್ಲ; ಕೈಯಂತೂ ಆಗಿತ್ತು. ಬಿಟ್ಟ ಬಾಣ ನನ್ನದಲ್ಲ, ಇನ್ನು ಹೂಡಲಿರುವ ಬಾಣ ನನ್ನದು ಎಂಬ ಆಗಾಮಿಕರ್ಮದ ತತ್ತ್ವವನ್ನು ನಾನು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆನಾದರೂ, ಅದು ನನ್ನ ಬೆರಳಿಗೆ ತಿಳಿದದ್ದು ಅಂದು.

ಮಸಿಯ ಗೆರೆಗೆ ನಮ್ಮ ತತ್ತ್ವಶಾಸ್ತ್ರದಲ್ಲಿ ಒಂದು ಉನ್ನತವಾದ ಸ್ಥಾನವುಂಟೆಂಬುದನ್ನು ಚಿತ್ರಕಾರರಲ್ಲಿ ಬಹುಮಂದಿ ಕೇಳಿರಲಾರರು. 14ನೆಯ ಶತಮಾನದ ವಿದ್ಯಾರಣ್ಯರದೆಂದು ಪ್ರಸಿದ್ಧವಾಗಿರುವ ಪಂಚದಶಿಯ ಆರನೆಯ ಪ್ರಕರಣಕ್ಕೆ ಚಿತ್ರದೀಪವೆಂದು ಹೆಸರು. ಬಟ್ಟೆಯ ಮೇಲೆ ಚಿತ್ರ ಬರೆಯುವ ಕೆಲಸದಲ್ಲಿ ನಾಲ್ಕು ಅವಸ್ಥೆಗಳನ್ನು ಅಲ್ಲಿ ಹೇಳಿದೆ. ಒಗೆದ ಬಿಳಿಯ ಬಟ್ಟೆ ಧೌತ. ಅನ್ನದ ಗಂಜಿ ಹಚ್ಚಿ ಬಿರುಸು ಮಾಡಿದ್ದು ಘಟ್ಟಿತ. ಮಸಿಯಿಂದ ಆಕಾರಗಳನ್ನು ಗುರುತಿಸಿದ್ದು ಲಾಂಛಿತ. ಬಣ್ಣ ತುಂಬಿದ್ದು ರಂಜಿತ. ಶುದ್ಧವಾದ ಚಿತ್ತತ್ತ್ವ, ಅಂತರ್ಯಾಮಿ, ಸೂತ್ರಾತ್ಮ, ವಿರಾಟ್ ಎಂಬ ಪರಮಾತ್ಮನ ನಾಲ್ಕು ಅವಸ್ಥೆಗಳಿಗೆ ಇವು ಕ್ರಮವಾಗಿ ದೃಷ್ಟಾಂತ. ಜಗತ್ತು ಇನ್ನೂ ಸ್ಥೂಲವಾಗಿ ಮೈದಾಳದೆ, ಸೂಕ್ಷ್ಮರೂಪದಲ್ಲಿ ಮಾತ್ರ ಗೆರೆಗೊಂಡಿರುವ ಅವಸ್ಥೆಗೆ ಮಸಿಯ ರೇಖೆ ಸಾದೃಶ್ಯವಾಯಿತು. ಚಿತ್ರದೊಳಗಿನ ಮನುಷ್ಯರು ಉಟ್ಟ ಬಟ್ಟೆಯೂ ನಿಜವಾದ ಬಟ್ಟೆಯಂತೆಯೇ ತೋರುವುದಾದರೂ, ಅಲ್ಲಿ ನಿಜವಾಗಿ ಇರುವ ಬಟ್ಟೆ ಅವರೆಲ್ಲರಿಗೂ ಆಧಾರವಾದ ಆ ಒಂದೇ ಬಟ್ಟೆ ಎಂಬ ಮಾತೂ ಅದರ ಹಿಂದೆಯೇ ಬರುತ್ತದೆ. ರಾತ್ರಿ ಊಟವಾದ ಮೇಲೆ ಬರಿಯ ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತಾಗ ನಾನು ಈ ಮಾತನ್ನು ಆಗಾಗ ಮನಸ್ಸಿಗೆ ತಂದುಕೊಳ್ಳುತ್ತೇನೆ. ಗೆರೆಗೆ ಅಂಜುವವನು ಗೆರೆಯನ್ನೇ ನೋಡುತ್ತಿರುತ್ತಾನೆ. ಹಾಳೆಯನ್ನು ನೋಡುವವನಿಗೆ ಅಂಜಿಕೆ ಕಡಮೆ.

ದೊಡ್ಡಮ್ಮನ ನೇಮಕ್ಕೆ ಮರಳುತ್ತೇನೆ. ರಾಮಕೋಟಿಯೆಂದು ಅದರ ಹೆಸರು. ಕೋಟಿ ಸಲ ಬರೆದು ಮುಗಿಸುವುದು ಅದರ ಗುರಿ. ಒಂದು ಸಂಜೆ ಕಾಗದದ ಚೂರೊಂದರ ಮೇಲೆ ನಾನು ಲೆಕ್ಕ ಹಾಕಿ ನೋಡಿದೆ. ದಿನಕ್ಕೆ 108ರಂತೆ ಬರೆದರೆ ಕೋಟಿ ತುಂಬುವುದಕ್ಕೆ 92,000ಕ್ಕೂ ಮಿಕ್ಕಿ ದಿನಗಳು ಬೇಕು. ಎಂದರೆ 250 ವರ್ಷಕ್ಕೂ ಹೆಚ್ಚು ಕಾಲ. ಬೆರಗಾಗಿ ಅವರಿಗೆ ಹೇಳಿದೆ.

“ಗೊತ್ತು ಕಣೋ” ಎಂದರು ದೊಡ್ಡಮ್ಮ, ಹೂಬತ್ತಿಗೆ ಹತ್ತಿಯನ್ನು ಹಿಂಜುತ್ತ. “ನಿಮ್ಮ ದೊಡ್ಡಪ್ಪ ಇದ್ದಾಗಲೇ ಲೆಕ್ಕ ಹಾಕಿ ಹೇಳಿದ್ರು.”

“ಮತ್ತೆ ಮುಗಿಯೋದು ಹೇಗೆ?”

“ಮುಗಿಸಬೇಕು ಅಂತ ಯಾರು ಕೂತಿದಾರೆ? ಬೆಳಗಾದರೆ ಬರೀಬೇಕು.”

ಈ ಮಾತಿನಲ್ಲಿ ಜೈಮಿನಿಯ ಅಧಿಕರಣವೇ ಅಡಗಿದೆಯೆಂದು ನಾನು ನಿಸ್ಸಂಶಯವಾಗಿ ನಂಬಿದ್ದೇನೆ. ಫಲವನ್ನು ಮನುಷ್ಯಾಯುಸ್ಸಿನ ಎಟುಕಿಗೆ ಮೀರಿದ ಎತ್ತರದಲ್ಲಿ ತೂಗುಹಾಕಿದ್ದರಿಂದ, ಕಾಮ್ಯವೆಂಬಂತೆ ಹೆಸರಿಟ್ಟುಕೊಂಡ ಈ ಕರ್ಮ ತನ್ನಷ್ಟಕ್ಕೆ ತಾನೇ ನಿತ್ಯವಾಗಿ ಮಾರ್ಪಟ್ಟಿದೆ. ಇದನ್ನು ಮೊದಲು ಏರ್ಪಡಿಸಿದವರು ಯಾರೋ, ಅವರು ಮನುಷ್ಯನ ಮನಸ್ಸನ್ನು ಚೆನ್ನಾಗಿ ಬಲ್ಲವರಾಗಿರಬೇಕು. 31 ಎಂಬ ಸಂಖ್ಯೆ ಕೈಗೆ ಎಟುಕುವಷ್ಟು ಹತ್ತಿರದಲ್ಲಿರುವುದೇ ಅದರ ಅಪಾಯ.

ಆ ಮೂರನೆಯ ವರ್ಷ ನಾನು ಇನ್ನೊಂದು ಕೆಲಸ ಮಾಡಿದ್ದೆ. 31 ಹಾಳೆಗಳನ್ನು ಒಟ್ಟಿಗೆ ಸೇರಿಸಿ ಹೊಲಿದು, ಮೊದಲನೆಯ ದಿನವೇ, ಪ್ರತಿ ಹಾಳೆಯ ಕೆಳಗಿನ ಮೂಲೆಯಲ್ಲಿ 1ರಿಂದ 31ರವರೆಗೆ ಅಂಕಿಗಳನ್ನು ಮಸಿಯಲ್ಲಿಯೇ ಬರೆದಿಟ್ಟುಬಿಟ್ಟೆ. ಇದು ನನ್ನನ್ನು ಕಟ್ಟಿಹಾಕೀತೆಂದು ಆಗ ನೆನೆದಿದ್ದೆ. ಆ ಸಲ ನವರಾತ್ರಿ ಅಕ್ಟೋಬರ್ ತಿಂಗಳ ನಡುಭಾಗದಲ್ಲಿ ಬಂದಿತು. 20ನೆಯ ತಾರೀಖಿನ ರಾತ್ರಿ ನಾನು ಆ ದಿನದ ಚಿತ್ರವನ್ನು ಮುಗಿಸಿ ನಿಬ್ಬನ್ನು ತೊಳೆಯುತ್ತಿರುವಾಗ ದೊಡ್ಡಮ್ಮ ಬಾಗಿಲಲ್ಲಿ ಬಂದು ನಿಂತು, “ಲೇಖನೀನೂ ಪುಸ್ತಕಾನೂ ಒಳಗೆ ಕೊಟ್ಟುಬಿಡಪ್ಪ, ನಾಳೆ ಸರಸ್ವತಿ” ಎಂದರು. ಸಪ್ತಮಿಯ ದಿನ ಪುಸ್ತಕಗಳನ್ನೂ ಬರೆಯುವ ಸಾಧನಗಳನ್ನೂ ಜೋಡಿಸಿಟ್ಟು ಶಾರದೆಯನ್ನು ಆವಾಹನೆ ಮಾಡಿದರೆ, ವಿಜಯದಶಮಿಯ ದಿನ ಪುನಃಪೂಜೆಯಾಗುವ ತನಕ ಓದಬಾರದು, ಬರೆಯಬಾರದು ಎಂಬುದು ನಮ್ಮ ಮನೆಯ ಸಂಪ್ರದಾಯ. 21, 22, 23: ಮೂರು ದಿನ.

ನನ್ನ ಮನಸ್ಸಿಗೆ ಆದ ಕ್ಷೋಭೆಯನ್ನು ಮುಚ್ಚಿಡುವುದಿಲ್ಲ. ಎರಡು ವರ್ಷ ಸೋಮಾರಿತನದಿಂದ ಕೆಟ್ಟ ನೇಮ, ಮೂರನೆಯ ವರ್ಷ ಸರಿಯಾದ ದಾರಿಗೆ ಬಂದು, 20 ದಿನ ಒಂದೂ ತಪ್ಪದೆ ನಡೆದು, ಈಗ ಸಾಕ್ಷಾತ್ ವಿದ್ಯಾಧಿದೇವತೆಯ ಹೆಸರಿನಲ್ಲಿಯೇ ಮುರಿಯಬೇಕೆ? ಬೇರೊಂದು ನಿಬ್ಬು ನನ್ನಲ್ಲಿದ್ದಿತು. ಮಹಡಿಯ ಕೋಣೆಯಲ್ಲಿ ಕುಳಿತು ಬೇರೆ ಕಾಗದದಲ್ಲಿ ಬರೆದಿಟ್ಟುಕೊಂಡು ಆಮೇಲೆ ಅಂಟಿಸಬಹುದೆಂಬ ಯೋಚನೆಯೂ ಸುಳಿಯಿತು. ಅದರ ಜೊತೆಗೇ ನಾಚಿಕೆಯೂ ಬಂದಿತು. “ನಿಮ್ಮ ರಾಮಕೋಟಿಯ ಪುಸ್ತಕ?” ಎಂದು ಕೇಳಿದೆ. “ಅದನ್ನೂ ಇಟ್ಟಿದೀನಿ” ಎಂದರು. “ಬರೆ ಅಂದೋಳೂ ಅವಳೇ, ಮೂರು ದಿನ ಇಡು ಅಂದೋಳೂ ಅವಳೇ.” ಲೇಖನಿಯನ್ನೂ ಹೊಲಿದ ಪುಸ್ತಕವನ್ನೂ ಅವರ ಕೈಗೆ ಕೊಟ್ಟೆ.

ಆ ಮೂರು ದಿನ ಬರೆಯದೆ ಇದ್ದ ಕೈಗೆ, ತಪ್ಪಿದ ದಿನದ ಪ್ರಶ್ನೆಯನ್ನು ಮತ್ತೆ ತಿರುವಿ ನೋಡುವ ಬಿಡುವು ದೊರೆಯಿತು. ನಿತ್ಯಕರ್ಮವನ್ನು ಮಾಡುವುದರಿಂದ ವಿಶೇಷವಾದ ಫಲವೇನೂ ಇಲ್ಲದಿದ್ದರೂ, ಮಾಡದೆ ಬಿಟ್ಟರೆ ಪ್ರತ್ಯವಾಯವೆಂಬ ದೋಷ ಹುಟ್ಟುತ್ತದೆಂದು ಹೇಳುವವರುಂಟು. ಶಂಕರರು ಇದನ್ನು ಗೀತಾಭಾಷ್ಯದಲ್ಲಿಯೂ ತೈತ್ತಿರೀಯಭಾಷ್ಯದಲ್ಲಿಯೂ ಒಪ್ಪುವುದಿಲ್ಲ. ಮಾಡದಿರುವುದೆಂಬುದು ಒಂದು ಅಭಾವ. ಅಭಾವದಿಂದ ಭಾವರೂಪವಾದ ದೋಷ ಹುಟ್ಟುವುದಾದರೂ ಹೇಗೆ? ಇಲ್ಲದ್ದರಿಂದ ಇರುವುದು ಹುಟ್ಟೀತೆ? ಹಾಗಾದರೆ ಬಿಟ್ಟ ಕರ್ಮಕ್ಕೆ ಏನೂ ಅರ್ಥವಿಲ್ಲವೆಂದೂ ಅವರು ಹೇಳುವುದಿಲ್ಲ. ಮೊದಲೇ ಸಂಚಿತವಾಗಿದ್ದ ದುರಿತಕ್ಕೆ ಅದು ಲಕ್ಷಣ, ಎಂದರೆ ಗುರುತು. ಹೊಸ ದೋಷವನ್ನು ಅದು ಉಂಟುಮಾಡುವುದಿಲ್ಲ, ಒಳಗಿದ್ದದ್ದನ್ನು ಹೊರಗೆ ತೋರಿಸುತ್ತದೆ. ನಾಡಿಯ ಬಡಿತ ಜ್ವರವನ್ನು ತೋರಿಸೀತೇ ಹೊರತು ಜ್ವರವನ್ನು ಹುಟ್ಟಿಸಲಾರದು.

ನನ್ನ ಮೊದಲನೆಯ ವರ್ಷದ 11ನೆಯ ದಿನವನ್ನು ಈ ಬೆಳಕಿನಲ್ಲಿ ಇಟ್ಟು ನೋಡಿದೆ. ಅಂದು ತಪ್ಪಿದ ಚಿತ್ರ ನನ್ನ ಹತ್ತು ಚಿತ್ರಗಳನ್ನು ಕೆಡಿಸಲಿಲ್ಲ. ಕೆಡಿಸುವ ಶಕ್ತಿ ಅದಕ್ಕೆಲ್ಲಿಯದು, ಅದು ಇರಲೇ ಇಲ್ಲವಲ್ಲ! ಹತ್ತು ದಿನವೂ ನನ್ನೊಳಗೆ ಇದ್ದ ಜಡತೆಯನ್ನೂ, ಪೂರ್ಣಸಂಖ್ಯೆಯ ಮೇಲಿನ ದುರಾಶೆಯನ್ನೂ ಅದು ತೆರೆದು ತೋರಿಸಿತು, ಅಷ್ಟೆ. ಈಗಿನ ಮೂರು ದಿನಗಳೂ ಹೊರನೋಟಕ್ಕೆ ಅಂಥವೇ ಬರಿಯ ದಿನಗಳು. ಆದರೆ ಇವು ಯಾವುದರ ಲಕ್ಷಣ? ಒಂದು ನೇಮ ತನಗಿಂತ ದೊಡ್ಡದಾದ ಇನ್ನೊಂದು ನೇಮದ ಎದುರಿಗೆ ತಲೆಬಾಗಿ ನಿಂತದ್ದರ ಲಕ್ಷಣವೆಂದು ನನಗೆ ತೋರಿತು. ಎರಡು ಶೂನ್ಯಗಳನ್ನು ಗಣಿತ ಒಂದೇ ಎಂದು ಎಣಿಸಲಿ. ಧರ್ಮ ಹಾಗೆ ಎಣಿಸಲಾರದು.

ನಿತ್ಯಕರ್ಮದಿಂದ ಪ್ರಯೋಜನವೇನೆಂದು ಕೇಳಿದರೆ ನಮ್ಮ ಹಿರಿಯರು ದುರಿತಕ್ಷಯವೆಂದು ಹೇಳುವುದು ವಾಡಿಕೆ: ಕೂಡಿಟ್ಟ ಮಲಿನತೆ ದಿನದಿನಕ್ಕೆ ಸವೆಯುವುದು. ಇದನ್ನು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವವನು ಜಪಾನಿನ ಮಹಾಚಿತ್ರಕಾರ ಹೊಕುಸಾಯಿ. 1760ರಲ್ಲಿ ಹುಟ್ಟಿದ ಆತ, 80 ದಾಟಿದ ಮೇಲೆ, 1842 ಮತ್ತು 1843ರಲ್ಲಿ, ಪ್ರತಿದಿನವೂ ಬೆಳಗ್ಗೆ ಮಸಿಯಲ್ಲಿ ಒಂದು ಸಿಂಹವನ್ನು ಬರೆಯುವ ನೇಮ ಹಿಡಿದನು. ಕುಣಿಯುವ ಸಿಂಹ, ನಿದ್ರಿಸುವ ಸಿಂಹ, ಓಡುವ ಸಿಂಹ, ಸಿಂಹದ ಮುಖವಾಡ ತೊಟ್ಟ ನರ್ತಕ, ಒಂದರಂತೆ ಒಂದಿಲ್ಲ. ಬಹಳಷ್ಟು ಹಾಳೆಗಳಲ್ಲಿ ಆಯಾ ದಿನದ ತೇದಿಯನ್ನೂ ಕಾಣಿಸಿದ್ದಾನೆ. ದಿನದಿನದ ಅಮಂಗಳವನ್ನು ದಿನದಿನವೂ ಅಟ್ಟುವುದಕ್ಕಾಗಿ ಬರೆದ ಚಿತ್ರಗಳೆಂಬುದು ಆ ಮಾಲೆಯ ಹೆಸರಿನಲ್ಲಿಯೇ ಇದೆ. ಬರೆದದ್ದನ್ನು ಆತ ಉಂಡೆಗಟ್ಟಿ ಹೊರಗೆ ಎಸೆಯುತ್ತಿದ್ದನೆಂದೂ, ಸ್ವತಃ ಚಿತ್ರಕಾರಳಾಗಿದ್ದ ಮಗಳು ಓಯಿ ಅವನ್ನು ಆಯ್ದು ತಂದು ಇಡುತ್ತಿದ್ದಳೆಂದೂ ಹೇಳುತ್ತಾರೆ. ಹಾಗೆ ಉಳಿದು ಬಂದ ಸಿಂಹಗಳು 200ಕ್ಕೂ ಹೆಚ್ಚು. ಕುಂಚ ಹಿಡಿದು 70 ವರ್ಷಗಳಾದ, ಲೋಕವೇ ಬೆರಗಾದ ಆ ಅಲೆಯ ಚಿತ್ರವನ್ನು ಬರೆದು ಮುಗಿಸಿದ್ದ ಆ ವೃದ್ಧನಿಗೆ ಕೈ ಪಳಗಿಸಿಕೊಳ್ಳುವ ಅವಶ್ಯಕತೆ ಇದ್ದಿತೆಂದು ಯಾರೂ ಹೇಳಲಾರರು. ಸ್ನಾನ ಮಾಡಿದಂತೆ ಆತ ಸಿಂಹವನ್ನು ಬರೆದನು. ನಿನ್ನೆಯ ಸ್ನಾನ ಇಂದಿಗೆ ಸಲ್ಲದು. ಆದಕಾರಣ ನಿನ್ನೆಯ ಸ್ನಾನ ವ್ಯರ್ಥವಾಯಿತೆಂದು ಯಾರೂ ಮರುಗುವುದೂ ಇಲ್ಲ.

ನಮ್ಮ ಮೈಸೂರಿನಲ್ಲಿಯೇ ಹುಟ್ಟಿ ಬೆಳೆದ ಆರ್. ಕೆ. ಲಕ್ಷ್ಮಣರು, 1951ರಿಂದ ಐದು ದಶಕಗಳಷ್ಟು ಕಾಲ ಪತ್ರಿಕೆಗಾಗಿ ದಿನವೂ ಕಪ್ಪು ಮಸಿಯಲ್ಲಿ ಒಂದು ಪುಟ್ಟ ಚಿತ್ರವನ್ನು ಬರೆದರು. ಅದು ಜೀವನೋಪಾಯ, ಅದನ್ನು ವ್ರತವೆಂದು ಕರೆಯುವಂತಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕುಂಬಾರನ ತಿಗರಿ ತಿರುಗುವುದೂ ಹೊಟ್ಟೆಗಾಗಿಯೇ. ಆದರೂ ದಿನವೂ ಅದಕ್ಕೆ ಕೈಮುಗಿದು ಕೂರುವ ಕುಂಬಾರನ ಕೈಯಲ್ಲಿ ಅದು ಹೊಟ್ಟೆಯ ಮಟ್ಟವನ್ನು ಮೀರಿ ನಡೆಯುತ್ತದೆ.

24ನೆಯ ತಾರೀಖು ವಿಜಯದಶಮಿ. ಪುನಃಪೂಜೆಯಾದ ಮೇಲೆ ದೊಡ್ಡಮ್ಮ ಮೊದಲು ತಮ್ಮ ನೋಟುಪುಸ್ತಕವನ್ನು ತೆಗೆದುಕೊಂಡು, ನಿಂತಲ್ಲಿಯೇ, ಒಂದು ಸಲ ಹೆಸರು ಬರೆದು, ಆಮೇಲೆ ನನ್ನ ಲೇಖನಿಯನ್ನೂ ಹೊಲಿದ ಪುಸ್ತಕವನ್ನೂ ಅಕ್ಷತೆಯೊಡನೆ ನನ್ನ ಕೈಗೆ ಕೊಟ್ಟರು. ಅಂದು ನಾನು ಬರೆದದ್ದು ಪೂಜೆಗೆ ಬಿಡಿಸಿದ ಒಂದು ಚೆಂಡುಹೂವನ್ನು. ನಿಬ್ಬಿನ ಸೀಳಿನಲ್ಲಿ ಕುಂಕುಮ ಕುಳಿತಿತ್ತು. ಎಷ್ಟು ತೊಳೆದರೂ ಪೂರ್ತಿ ಹೋಗಲಿಲ್ಲ. ಮೊದಲನೆಯ ಗೆರೆಯ ಅಂಚಿಗೆ ಕೆಂಪಿನ ಒಂದು ಎಳೆ ಬಂದಿತು, ಎರಡನೆಯದರಲ್ಲಿ ಇನ್ನೂ ತೆಳುವಾಗಿ, ಮೂರನೆಯದರಲ್ಲಿ ಕಪ್ಪು ಮಾತ್ರ. ಹಾಳೆ 24. ಹಿಂದಿನ ಮೂರು ಹಾಳೆಗಳನ್ನು ಕತ್ತರಿಸಿ ತೆಗೆಯಬೇಕೆ, ಅಥವಾ ಮುಂದೆಂದಾದರೂ ಬಿಡುವಾದಾಗ ತುಂಬಿಬಿಡಬೇಕೆ ಎಂಬ ಯೋಚನೆ ಆ ಒಂದು ವಾರವೂ ಆಗಾಗ ಬಂದು ಹೋಯಿತು, ಎರಡನ್ನೂ ಮಾಡಲಿಲ್ಲ.

31ನೆಯ ರಾತ್ರಿ ಪುಸ್ತಕವನ್ನು ದೊಡ್ಡಮ್ಮನ ಕೈಯಲ್ಲಿಟ್ಟೆ. ಕನ್ನಡಕ ಹಾಕಿಕೊಂಡು, ದೀಪದ ಹತ್ತಿರಕ್ಕೆ ಸರಿದು, ಅವರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ತಮ್ಮ ಕೈಯ ಚಿತ್ರ ಬಂದಾಗ ಅದರ ಪಕ್ಕದಲ್ಲಿ ಕೈಯಿಟ್ಟು ನೋಡಿ, ಏನೂ ಹೇಳದೆ ಮುಂದಿನ ಹಾಳೆಗೆ ಹೋದರು. ಹಿತ್ತಿಲ ಬಾವಿಯ ರಾಟೆ, ಒರಳುಕಲ್ಲು, ಮಳೆಯಲ್ಲಿ ನಿಂತ ಕರು, ಎಲ್ಲವೂ ಬೇಗಬೇಗನೆ ಮಗುಚಿಕೊಂಡವು. 20 ಮುಗಿಯಿತು. 21ನೆಯ ಹಾಳೆಯಲ್ಲಿ ಮೂಲೆಯ ಅಂಕಿಯೊಂದೇ ಇದ್ದಿತು. ಅವರ ಕೈ ನಿಂತಿತು. ಸೆರಗಿನಿಂದ ಬೆರಳುಗಳನ್ನು ಒರಸಿಕೊಂಡು, ಆ ಬರಿಯ ಹಾಳೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, 22ನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, 23ನ್ನೂ. ಆಮೇಲೆ ಚೆಂಡುಹೂವಿನ ಹಾಳೆಯನ್ನು ತೆಗೆದು, “ಇದರ ತೊಟ್ಟು ಸ್ವಲ್ಪ ಉದ್ದ ಆಯಿತಲ್ಲೋ” ಎಂದರು.